ಸ್ಟೇರಿಂಗ್ ಯಾಕೆ ನಡುಗುತ್ತದೆ?

ಗುರುವಾಯನಕೆರೆ ನಿಮಗೆ ಗೊತ್ತು. ದೊಡ್ಡ ಕೆರೆ ಇರುವ ಊರು. ಇಲ್ಲಿ ರಸ್ತೆಗಳು ಕೂಡುತ್ತವೆ. ಬಿ.ಸಿ. ರೋಡಿನಿಂದ ಮಡಂತ್ಯಾರು ದಾಟಿ ಒಂದು ರಸ್ತೆ ಬರುತ್ತದೆ. ಅದೇ ರಸ್ತೆ ಮುಂದೆ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಇನ್ನೊಂದು ರಸ್ತೆ ವೇಣೂರು, ಮೂಡುಬಿದಿರೆಯ ಕಡೆಗೆ. ಮತ್ತೊಂದು ಉಪ್ಪಿನಂಗಡಿಯ ಕಡೆಗೆ. ರಸ್ತೆ ಕೂಡುವಲ್ಲಿ ಬಸ್ಸು, ರಿಕ್ಷಾ, ಜೀಪು ಎಲ್ಲ ಉಂಟು. ಹಾಗಾಗಿ ಗ್ಯಾರೇಜೂ ಉಂಟು.

ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಿದ್ದರು. ಬೀಡಿ ಕಟ್ಟುವವರು. ಎಲೆ ಎಷ್ಟು, ತಂಬಾಕು ಎಷ್ಟು, ಬೀಡಿ ಎಷ್ಟು ಎಂದು ಲೆಕ್ಕ ಬರೆಯಲು ಕಲಿಯಬೇಕು ಎಂದೇ ಬಂದವರು. ಅವರ ಗಂಡ ಜೀಪು ಓಡಿಸುತ್ತಾರೆ. ಹಳೆಯ ಮಹೀಂದ್ರ ಜೀಪು. ಸಾಲ ಮಾಡಿ ಕೊಂಡದ್ದು. ಅಣ್ಣನಿಗೆ ಓದು ಬರಹ ಅಷ್ಟಕ್ಕಷ್ಟೆ. ತರಗತಿಗೆ ಬನ್ನಿ ಎಂದರೆ, "ನನ್ನದು ಆಯ್ತು ಮೇಷ್ಟ್ರೆ, ಅವಳು ಕಲಿಯಲಿ" ಎನ್ನುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ನಾನು ವೇಣೂರಿನಿಂದ ಅವರ ಜೀಪಿನಲ್ಲಿ ಬಂದೆ. ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಸ್ಟೇರಿಂಗ್ ನೋಡಿದೆ. ಜ್ವರ ಬಂದವರ ಕೈಯ ಹಾಗೆ ನಡುಗುತ್ತಿತ್ತು. ಅಣ್ಣ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು.

"ಇದು ಎಂತ ಅಣ್ಣ?" ಎಂದು ಕೇಳಿದೆ.

"ರೋಡು ಹಾಗೆ ಮೇಷ್ಟ್ರೆ. ಎಲ್ಲ ಹೊಂಡ" ಎಂದರು.

ಸ್ವಲ್ಪ ಮುಂದೆ ಹೊಸ ಡಾಮಾರು ಹಾಕಿದ ಜಾಗ ಬಂತು. ರಸ್ತೆ ನುಣುಪಾಗಿತ್ತು. ಅಲ್ಲಿಯೂ ಸ್ಟೇರಿಂಗ್ ನಡುಗಿತು. ಅಣ್ಣ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ರೋಡಿನದ್ದಲ್ಲ, ಜೀಪಿನದ್ದೇ ಎಂದು ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಅವರು ನಿಜ ಹೇಳಿದರು. ನಡುಕ ಶುರುವಾಗಿ ಎರಡು ತಿಂಗಳಾಗಿತ್ತು. ಒಂದು ಕಡೆ ತೋರಿಸಿದ್ದರು. ಟಯರು ಹೋಗಿದೆ ಎಂದರಂತೆ. ಮುಂದಿನ ಎರಡೂ ಟಯರು ಹೊಸತು ಹಾಕಿಸಿದರು. ದುಡ್ಡು ಹೋಯಿತು. ನಡುಕ ಹೋಗಲಿಲ್ಲ. ಬರುವ ಆದಿತ್ಯವಾರ ಮದುವೆಯ ಬಾಡಿಗೆ ಇತ್ತು. ಮುಂಗಡ ತೆಗೆದುಕೊಂಡಾಗಿತ್ತು. ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಹೋಗಬೇಕು. ಹೆಂಗಸರು, ಮಕ್ಕಳು, ಮುದುಕರು ಜೀಪಿನಲ್ಲಿ ಇರುತ್ತಾರೆ.

ಚಾರ್ಮಾಡಿ ಹೇಗಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ. ತಿರುವಿನ ಮೇಲೆ ತಿರುವು. 2019ರ ಆಗಸ್ಟಿನ ಮಳೆಗೆ ಅಲ್ಲಿ ಗುಡ್ಡ ಜರಿದು ರಸ್ತೆಯೇ ಮುಚ್ಚಿತ್ತು. ಆ ದಾರಿಯಲ್ಲಿ ಸ್ಟೇರಿಂಗ್ ಕೈಬಿಟ್ಟರೆ ಏನಾಗುತ್ತದೆ?

ಅಕ್ಕನ ಪುಸ್ತಕ

ನಾನು ಮೆಕ್ಯಾನಿಕ್ ಅಲ್ಲ. ಶಿಕ್ಷಕರ ತರಬೇತಿ ಮಾಡಿದವನು. ಆದರೆ ನನಗೆ ಒಂದು ವಿಷಯ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗಿ "ನನಗೆ ಹುಷಾರಿಲ್ಲ" ಎಂದರೆ ಸಾಲದು. ಎಲ್ಲಿ ನೋವು, ಯಾವಾಗ ನೋವು, ಊಟದ ಮೊದಲೋ ಆಮೇಲೋ ಎಂದು ಹೇಳಬೇಕು. ಜೀಪಿಗೂ ಹಾಗೆಯೇ. "ನಡುಗುತ್ತದೆ" ಎಂದರೆ ಮೇಸ್ತ್ರಿಗೆ ಏನು ತಿಳಿದೀತು?

ಅಣ್ಣ ಓಡಿಸುವಾಗ ಬರೆಯುವುದು ಸಾಧ್ಯವಿಲ್ಲ. ಬರೆಯಲೂಬಾರದು. ಅಕ್ಕ ನಾಲ್ಕು ದಿನ ಮುಂದಿನ ಸೀಟಿನಲ್ಲಿ ಕುಳಿತರು. ಬೀಡಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಅವರು ಬರೆದದ್ದು ಇದು. ಓದಿ ನೋಡಿ.

ಸೋಮವಾರ. 40ರಲ್ಲಿ ನಡುಕ ಇಲ್ಲ. 55ರಲ್ಲಿ ಜೋರು. 70ಕ್ಕೆ ಹೋದರೆ ಕಡಿಮೆ.

ಮಂಗಳವಾರ. ಬ್ರೇಕ್ ಹಾಕಿದರೆ ಹೆಚ್ಚಾಗುವುದಿಲ್ಲ. ಜೀಪು ನಿಂತಾಗ ರೇಸ್ ಕೊಟ್ಟರೆ ನಡುಕ ಇಲ್ಲ.

ಬುಧವಾರ. ಹೊಂಡಕ್ಕೆ ಬಿದ್ದರೆ ಎಡಗಡೆ ಟಕ್. ಬಲಗಡೆ ಇಲ್ಲ.

ಗುರುವಾರ. ಗುಂಯ್ ಎಂಬ ಶಬ್ದ ಇಲ್ಲ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ. ಇನ್ನೂ ಸ್ವಲ್ಪ ತಿರುಗಿಸಬೇಕು.

ಕಾಗುಣಿತ ಎರಡು ಕಡೆ ತಪ್ಪಿತ್ತು. ನಾನು ತಿದ್ದಲಿಲ್ಲ. ಇಲ್ಲಿ ಅಚ್ಚು ಮಾಡುವಾಗ ಮಾತ್ರ ಸರಿ ಮಾಡಿದ್ದೇವೆ.

ಶುಕ್ರವಾರ ಆ ಪುಸ್ತಕವನ್ನು ಒಬ್ಬ ಹಳೆಯ ಮೇಸ್ತ್ರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು. "ಇದು ಯಾರು ಬರೆದದ್ದು? ಅರ್ಧ ಕೆಲಸ ಆಯ್ತಲ್ಲ ಮಾರಾಯ್ರೆ" ಎಂದರು. ಮುಂದೆ ಬರೆದದ್ದೆಲ್ಲ ಅವರು ನಮಗೆ ತೋರಿಸಿಕೊಟ್ಟದ್ದು.

ಯಾವಾಗ ನಡುಗುತ್ತದೆ?

ಮೊದಲು ಎಂಜಿನ್ನಿನದ್ದೋ ಚಕ್ರದ್ದೋ ಎಂದು ಬೇರೆ ಮಾಡಬೇಕು. ಗಾಡಿ ನಿಲ್ಲಿಸಿ. ಗೇರ್ ತೆಗೆಯಿರಿ. ರೇಸ್ ಕೊಡಿ. ಆಗಲೂ ಅದೇ ನಡುಕ ಬಂದರೆ ಎಂಜಿನ್ ಕಡೆ ನೋಡಿ. ಎಂಜಿನ್ನನ್ನು ಚಾಸಿಗೆ ಕೂರಿಸಿದ ರಬ್ಬರು ಹರಿದಿರಬಹುದು. ನಿಂತಾಗ ಇಲ್ಲ, ಓಡುವಾಗ ಮಾತ್ರ ಉಂಟು, ಓಟ ಹೆಚ್ಚಿದ ಹಾಗೆ ಬದಲಾಗುತ್ತದೆ ಎಂದಾದರೆ ಚಕ್ರದ ಕಡೆ ನೋಡಿ.

ಒಂದು ಓಟದಲ್ಲಿ ಮಾತ್ರ ನಡುಗಿ, ಹೆಚ್ಚು ಓಡಿಸಿದರೆ ಕಡಿಮೆಯಾಗುವ ನಡುಕ ಬಹಳ ಸಲ ತೂಕದ್ದು. ಚಕ್ರದ ಸುತ್ತ ತೂಕ ಸಮ ಇಲ್ಲ ಎಂದು ಅರ್ಥ. ಹಗ್ಗಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ತಿರುಗಿಸಿ. ನಿಧಾನ ತಿರುಗಿಸಿದರೆ ಕೈಗೆ ಏನೂ ಆಗುವುದಿಲ್ಲ. ಜೋರಾಗಿ ತಿರುಗಿಸಿದರೆ ಕೈಯನ್ನು ಎಳೆಯುತ್ತದೆ. ಓಟ ಎರಡು ಪಾಲಾದರೆ ಎಳೆತ ನಾಲ್ಕು ಪಾಲಾಗುತ್ತದೆ. ಕಲ್ಲು ಅದೇ, ಎಳೆತ ಬೇರೆ.

ಒಂದು ಲೆಕ್ಕ ಮಾಡೋಣ. ಜೀಪಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.3 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಒಂದು ನಿಮಿಷಕ್ಕೆ 1000 ಮೀಟರ್. 1000ವನ್ನು 2.3ರಿಂದ ಭಾಗಿಸಿ. ಸುಮಾರು 435 ಬರುತ್ತದೆ. ನಿಮಿಷಕ್ಕೆ 435 ಸುತ್ತು. ಸೆಕೆಂಡಿಗೆ ಸುಮಾರು 7 ಸುತ್ತು. ಚಕ್ರದ ಒಂದು ಬದಿ ಭಾರ ಇದ್ದರೆ ಸೆಕೆಂಡಿಗೆ 7 ಸಲ ಸ್ಟೇರಿಂಗನ್ನು ದೂಡುತ್ತದೆ.

ಹೆಚ್ಚು ಓಡಿಸಿದರೆ ಕಡಿಮೆ ಯಾಕೆ ಆಗುತ್ತದೆ? ತೊಟ್ಟಿಲು ತೂಗಿದವರಿಗೆ ಇದು ಗೊತ್ತು. ತೊಟ್ಟಿಲು ಬರುವ ಹೊತ್ತು ನೋಡಿ ದೂಡಿದರೆ ಒಂದು ಬೆರಳು ಸಾಕು. ಹೊತ್ತು ತಪ್ಪಿ ದೂಡಿದರೆ ತೊಟ್ಟಿಲು ತೂಗುವುದಿಲ್ಲ. ಜೀಪಿನ ಮುಂಭಾಗಕ್ಕೂ ತೂಗುವ ಒಂದು ಹೊತ್ತು ಉಂಟು. ಚಕ್ರದ ದೂಡುವಿಕೆ ಅದಕ್ಕೆ ಸರಿಯಾದಾಗ ನಡುಕ ಜೋರು. ಅದು ದಾಟಿದರೆ ಕಡಿಮೆ. ಕಡಿಮೆಯಾಯಿತೆಂದು ಜೋರಾಗಿ ಓಡಿಸುವವರು ಇದ್ದಾರೆ. ದೋಷ ಹೋಗಿರುವುದಿಲ್ಲ. ಅಡಗಿ ಕುಳಿತಿರುತ್ತದೆ.

ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಟಯರನ್ನು ಬಯ್ಯಬೇಡಿ. ಬ್ರೇಕಿನ ಡ್ರಮ್ ಅಥವಾ ಡಿಸ್ಕ್ ಸಮ ಇಲ್ಲ. ಡ್ರಮ್ ದುಂಡಗೆ ಇರಬೇಕು. ಅದು ಮೊಟ್ಟೆಯ ಹಾಗೆ ಆದರೆ ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಕಾಲಿಗೂ ಗೊತ್ತಾಗುತ್ತದೆ.

ಮುಂದಿನ ಚಕ್ರದ ನಡುಕ ಹೆಚ್ಚಾಗಿ ಸ್ಟೇರಿಂಗಿನಲ್ಲಿ, ಕೈಗೆ ತಿಳಿಯುತ್ತದೆ. ಹಿಂದಿನ ಚಕ್ರದ್ದು ಸೀಟಿನಲ್ಲಿ, ಸೊಂಟಕ್ಕೆ ತಿಳಿಯುತ್ತದೆ. ಸಂಶಯ ಇದ್ದರೆ ಮುಂದಿನ ಚಕ್ರ ಹಿಂದೆ, ಹಿಂದಿನದು ಮುಂದೆ ಹಾಕಿ ನೋಡಿ. ನಡುಕ ಕೈಯಿಂದ ಸೀಟಿಗೆ ಹೋದರೆ ಆ ಚಕ್ರದ್ದೇ ತಪ್ಪು. ಕೈಯಲ್ಲೇ ಉಳಿದರೆ ಚಕ್ರದ್ದಲ್ಲ. ಬೇರೆ ಏನೋ ಸಡಿಲ ಉಂಟು. ಈ ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ. ನಮ್ಮ ಅಣ್ಣ ಟಯರು ಕೊಳ್ಳುವ ಮೊದಲು ಇದನ್ನು ಮಾಡಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಎಂಥ ಶಬ್ದ?

ಶಬ್ದಗಳನ್ನು ಬಾಯಿಯಿಂದ ಮಾಡಿ ತೋರಿಸಲು ನಾಚಬೇಡಿ. ಮೇಸ್ತ್ರಿಗೆ ಅದು ಬೇಕು.

ಗುಂಯ್ ಎಂದು ದುಂಬಿಯ ಹಾಗೆ ಶಬ್ದ ಬಂದು, ಓಟದ ಜೊತೆ ಹೆಚ್ಚಾದರೆ ಚಕ್ರದ ಬೇರಿಂಗ್ ಸವೆದಿರಬಹುದು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲದ ಚಕ್ರಕ್ಕೆ ಬೀಳುತ್ತದೆ. ಆಗ ಶಬ್ದ ಹೆಚ್ಚಾದರೆ ಬಲದ ಬೇರಿಂಗ್ ಮೇಲೆ ಸಂಶಯ. ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡದ್ದು. ಕೆಲವು ಟಯರುಗಳೂ ಸವೆದರೆ ಗುಂಯ್ ಎನ್ನುತ್ತವೆ. ಆದರೆ ಆ ಶಬ್ದ ಡಾಮಾರು ಬದಲಾದಾಗ ಬದಲಾಗುತ್ತದೆ. ಬೇರಿಂಗಿನದ್ದು ಬದಲಾಗುವುದಿಲ್ಲ.

ನಮ್ಮ ಕಡೆ ಬೇರಿಂಗ್ ಹೋಗಲು ಒಂದು ಕಾರಣ ತೋಡು. ಮಳೆಗಾಲದಲ್ಲಿ ಜೀಪು ತೋಡು ದಾಟುತ್ತದೆ. ಓಡಿ ಬಂದ ಚಕ್ರದ ಗುಂಭ ಬಿಸಿ ಇರುತ್ತದೆ. ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಸೀಲು ಹಳತಾಗಿದ್ದರೆ ನೀರನ್ನು ಒಳಗೆ ಎಳೆಯುತ್ತದೆ. ಗ್ರೀಸು ಮಜ್ಜಿಗೆಯ ಬಣ್ಣ ಆಗುತ್ತದೆ. ಆಮೇಲೆ ತುಕ್ಕು. ಮಳೆಗಾಲ ಮುಗಿದ ಮೇಲೆ ಮುಂದಿನ ಬೇರಿಂಗ್ ಬಿಚ್ಚಿ, ತೊಳೆದು, ಹೊಸ ಗ್ರೀಸು ಹಾಕಿಸುವುದು ಇಲ್ಲಿಯ ಜೀಪುಗಳಿಗೆ ಬೇಕೇ ಬೇಕು. ಬಿಗಿ ಮಾಡುವಾಗಲೂ ಹದ ಬೇಕು. ಸಡಿಲ ಇದ್ದರೆ ಚಕ್ರ ಆಡುತ್ತದೆ. ಹೆಚ್ಚು ಬಿಗಿಯಾದರೆ ಬೇರಿಂಗ್ ಬೇಯುತ್ತದೆ.

ಹೊಂಡಕ್ಕೆ ಬಿದ್ದಾಗ ಮಾತ್ರ ದಡ್ ಎಂದರೆ ಸ್ಪ್ರಿಂಗ್ ಪಟ್ಟಿ, ಅದರ ಬುಷ್, ಶಾಕ್ ಅಬ್ಸಾರ್ಬರಿನ ರಬ್ಬರು ನೋಡಿ. ಪಟ್ಟಿಯನ್ನು ಅಚ್ಚಿಗೆ ಕಟ್ಟಿದ ಯು ಬೋಲ್ಟ್ ಸಡಿಲ ಇರಬಹುದು. ಪಟ್ಟಿಯೇ ತುಂಡಾಗಿರಬಹುದು. ಮಣ್ಣು ಒರೆಸದೆ ನೋಡಿದರೆ ತುಂಡಾದದ್ದು ಕಾಣುವುದಿಲ್ಲ.

ದಬ್ ದಬ್ ಎಂದು ಲೆಕ್ಕ ಹಾಕಿದ ಹಾಗೆ ಶಬ್ದ ಬಂದರೆ ಟಯರನ್ನು ಕೈಯಿಂದ ಸವರಿ. ಒಂದು ಕಡೆ ಬಾವು ಬಂದ ಹಾಗೆ ಉಬ್ಬಿದೆಯೇ? ಹೊಂಡದ ಅಂಚಿಗೆ ಬಡಿದು ಒಳಗಿನ ನೂಲು ಹರಿದರೆ ಹೀಗೆ ಉಬ್ಬುತ್ತದೆ. ಆ ಟಯರಿನಲ್ಲಿ ಪೇಟೆಯ ತನಕವೂ ಜನ ತುಂಬಿ ಹೋಗಬೇಡಿ.

ಟಿಕ್ ಟಿಕ್ ಎಂದರೆ ಮೊದಲು ಟಯರಿನ ಗೆರೆಯಲ್ಲಿ ಜಲ್ಲಿ ಸಿಕ್ಕಿದೆಯಾ ನೋಡಿ. ನಾನು ಒಮ್ಮೆ ನನ್ನ ಬೈಕಿನ ಬೇರಿಂಗ್ ಹೋಯಿತೆಂದು ಹೆದರಿ ಎರಡು ಮೈಲು ದೂಡಿಕೊಂಡು ಹೋಗಿದ್ದೇನೆ. ಸಿಕ್ಕಿದ್ದು ಕಡಲೆಯಷ್ಟು ಜಲ್ಲಿ.

ಚಕ್ರದ ನಟ್ಟು ಸಡಿಲವಾದರೂ ನಡುಕ, ಟಕ ಟಕ ಶಬ್ದ ಬರುತ್ತದೆ. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲ ಇರುವ ಗುರುತು. ಬೇರೆ ಏನು ನೋಡುವ ಮೊದಲೂ ನಟ್ಟು ನೋಡಿ. ಬಿಗಿ ಮಾಡುವಾಗ ಒಂದರ ಪಕ್ಕದ್ದು ಒಂದು ಮಾಡಬೇಡಿ. ಎದುರು ಬದುರು ಮಾಡಿ. ಚಕ್ರ ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿ ಇನ್ನೊಮ್ಮೆ ಬಿಗಿ ಮಾಡಿ.

ಶುಕ್ರವಾರ ಏನು ಸಿಕ್ಕಿತು?

ಮೇಸ್ತ್ರಿ ಹಿಂದಿನ ಚಕ್ರಕ್ಕೆ ಎರಡೂ ಕಡೆ ಮುರಕಲ್ಲಿನ ತುಂಡು ಇಟ್ಟರು. ಹ್ಯಾಂಡ್ ಬ್ರೇಕ್ ಎಳೆದರು. ಜಾಕ್ ಹಾಕಿ ಮುಂಭಾಗ ಎತ್ತಿದರು. ಅಚ್ಚಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟರು. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬಾರದು. ಜಾಕ್ ಜಾರಿದರೆ ಕೂಗಲೂ ಸಮಯ ಸಿಗುವುದಿಲ್ಲ.

ನಮ್ಮ ಅಣ್ಣನ ಜೀಪು ಹಿಂದಿನ ಚಕ್ರದಿಂದ ಓಡುವುದು. ಮುಂದಿನ ಚಕ್ರ ಕೈಯಿಂದ ತಿರುಗಿಸಿದರೆ ಸುಲಭವಾಗಿ ತಿರುಗುತ್ತದೆ. ಮೇಸ್ತ್ರಿ ಬಲದ ಚಕ್ರ ತಿರುಗಿಸಿ ಬಿಟ್ಟರು. ಅದು ನಿಂತಿತು. ನಿಂತಲ್ಲಿ ಮೇಲೆ ಗುರುತು ಹಾಕಲು ನನ್ನ ಕಿಸೆಯ ಸೀಮೆಸುಣ್ಣ ಕೊಟ್ಟೆ. ಪುನಃ ತಿರುಗಿಸಿದರು. ಪುನಃ ಅದೇ ಗುರುತು ಮೇಲೆ ಬಂದು ನಿಂತಿತು. ಮೂರನೆಯ ಸಲವೂ ಹಾಗೆಯೇ. ಗುರುತಿನ ಎದುರು ಬದಿ, ಅಂದರೆ ಕೆಳಗೆ ನಿಲ್ಲುವ ಬದಿ ಭಾರ ಎಂದಾಯಿತು.

ಚಕ್ರದ ಒಳಬದಿಗೆ ಕೈ ಹಾಕಿದರು. ಒಂದು ಹಿಡಿ ಕೆಂಪು ಮಣ್ಣು ಗಟ್ಟಿಯಾಗಿ ಅಂಟಿತ್ತು. ಮಳೆಯಲ್ಲಿ ಗದ್ದೆ ಬದಿಯ ರಸ್ತೆಯಲ್ಲಿ ಓಡಿ ಮೆತ್ತಿದ ಮಣ್ಣು. ಬಿಸಿಲಿಗೆ ಇಟ್ಟಿಗೆಯ ಹಾಗೆ ಆಗಿತ್ತು. ಹೊಸ ಟಯರು ಹಾಕಿದವರು ರಿಮ್ಮಿನ ಹೊರಗೆ ಒರೆಸಿದ್ದರು. ಒಳಗೆ ಒರೆಸಿರಲಿಲ್ಲ. ಚಕ್ರವನ್ನು ಬ್ಯಾಲೆನ್ಸೂ ಮಾಡಿರಲಿಲ್ಲ. ಹಾಗಾಗಿಯೇ ಟಯರು ಹೊಸತಾದರೂ ನಡುಕ ಹಳತೇ ಉಳಿಯಿತು.

ಆಮೇಲೆ ಸೀಮೆಸುಣ್ಣವನ್ನು ರಿಮ್ಮಿನ ಅಂಚಿನ ಹತ್ತಿರ ಹಿಡಿದು ಚಕ್ರ ತಿರುಗಿಸಿದರು. ರಿಮ್ಮು ಬಗ್ಗಿದ್ದರೆ ಒಂದೇ ಕಡೆ ಸುಣ್ಣ ತಾಗುತ್ತದೆ. ಇಲ್ಲಿ ಸುತ್ತಲೂ ಒಂದೇ ಹಾಗೆ ತಾಗಿತು. ರಿಮ್ಮು ನೆಟ್ಟಗೆ ಇತ್ತು. ಮಣ್ಣನ್ನು ಉಳಿಯಿಂದ ಕೆತ್ತಿ ತೆಗೆದು ತೊಳೆದರು. ಅಣ್ಣ ಜೀಪು ಓಡಿಸಿ ನೋಡಿ ಬಂದರು. ಮುಖ ಅರಳಿತ್ತು. "ಮುಕ್ಕಾಲು ಪಾಲು ಹೋಯ್ತು. ಇಷ್ಟು ಸಾಕು. ಆದಿತ್ಯವಾರ ಹೋಗಬಹುದು" ಎಂದರು.

ಅಕ್ಕ ಪುಸ್ತಕ ತೆರೆದರು. ಬುಧವಾರದ ಸಾಲಿನ ಮೇಲೆ ಬೆರಳು ಇಟ್ಟರು.

"ಟಕ್ ಹೋಯ್ತಾ?" ಎಂದು ಕೇಳಿದರು.

ಅಣ್ಣ ಮಾತಾಡಲಿಲ್ಲ. ಟಕ್ ಹೋಗಿರಲಿಲ್ಲ.

ಜೀಪನ್ನು ಪುನಃ ಎತ್ತಿದರು. ಈಗ ಎಡದ ಚಕ್ರ. ಗಡಿಯಾರದ ಮುಖ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೇಸ್ತ್ರಿ ಮೊದಲು 12 ಮತ್ತು 6 ಇರುವಲ್ಲಿ, ಅಂದರೆ ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಹೀಗೆ ಆಡಿದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸವೆದಿದೆ. ಎರಡರಲ್ಲಿ ಯಾವುದು? ಒಬ್ಬರು ಬ್ರೇಕ್ ತುಳಿದು ಹಿಡಿಯಬೇಕು. ಆಗ ಆಟ ನಿಂತರೆ ಬೇರಿಂಗ್. ಬ್ರೇಕ್ ಹಿಡಿದಾಗಲೂ ಆಡಿದರೆ ಕಿಂಗ್ ಪಿನ್. ಇದು ಒಳ್ಳೆಯ ಉಪಾಯ. ಏನೂ ಬಿಚ್ಚದೆ ತಿಳಿಯುತ್ತದೆ. ಅಣ್ಣನ ಜೀಪಿನಲ್ಲಿ ಮೇಲೆ ಕೆಳಗೆ ಆಟ ಇರಲಿಲ್ಲ.

ನಂತರ 3 ಮತ್ತು 9 ಇರುವಲ್ಲಿ, ಎರಡು ಬದಿ ಹಿಡಿದು ಅಲುಗಾಡಿಸಿದರು. ಟಕ್.

ನಾಲ್ಕು ದಿನ ಅಕ್ಕ ಕೇಳಿದ ಟಕ್ ಅದೇ.

ಮುಂದಿನ ಎರಡು ಚಕ್ರಗಳನ್ನು ಒಂದು ಉದ್ದದ ಸಲಾಕೆ ಕೂಡಿಸುತ್ತದೆ. ಅದಕ್ಕೆ ಟೈ ರಾಡ್ ಎನ್ನುತ್ತಾರೆ. ಗಾಡಿಗೆ ಎತ್ತುಗಳನ್ನು ಕೂಡಿಸಿದ ನೊಗದ ಹಾಗೆ ಅದು. ಎರಡು ಚಕ್ರ ಒಂದೇ ಕಡೆ ನೋಡುವುದು ಅದರಿಂದ. ಅದರ ಎರಡು ತುದಿಯಲ್ಲಿ ಗುಂಡು ಕೀಲು ಉಂಟು. ನಮ್ಮ ಭುಜದ ಕೀಲಿನ ಹಾಗೆ. ಅದರ ಹೊರಗೆ ರಬ್ಬರಿನ ಟೊಪ್ಪಿ, ಒಳಗೆ ಗ್ರೀಸು. ಎಡದ ಕೀಲಿನ ಟೊಪ್ಪಿ ಹರಿದಿತ್ತು. ಗ್ರೀಸು ಒಣಗಿ ಮರಳು ತುಂಬಿತ್ತು. ಕೀಲು ಗೂಡಿನಲ್ಲಿ ಸಡಿಲವಾಗಿ ಆಡುತ್ತಿತ್ತು. ಅದರ ನಟ್ಟು ಬಿಚ್ಚದ ಹಾಗೆ ತಡೆಯುವ ಸಣ್ಣ ಪಿನ್ನೂ ಇರಲಿಲ್ಲ. ಯಾವಾಗ ಬಿದ್ದಿತೋ, ಅಥವಾ ಯಾರು ಹಾಕಲು ಮರೆತರೋ.

"ಇದು ಕಳಚಿದರೆ?" ಎಂದು ನಾನು ಕೇಳಿದೆ.

"ಒಂದು ಚಕ್ರ ಬೆಳ್ತಂಗಡಿಗೆ, ಇನ್ನೊಂದು ವೇಣೂರಿಗೆ" ಎಂದರು ಮೇಸ್ತ್ರಿ. ಯಾರೂ ನಗಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಎಡದ ಚಕ್ರ ಕೇಳುವುದಿಲ್ಲ. ಅದಕ್ಕೆ ಬೇಕಾದ ಕಡೆ ಅದು ಹೋಗುತ್ತದೆ.

ಮಣ್ಣಿನ ಭಾರ ನಡುಕ ಹುಟ್ಟಿಸುತ್ತಿತ್ತು. ಸಡಿಲ ಕೀಲು ಆ ನಡುಕವನ್ನು ಹೆಚ್ಚು ಮಾಡುತ್ತಿತ್ತು. ನಡುಕ ಕೀಲನ್ನು ಇನ್ನೂ ಸವೆಸುತ್ತಿತ್ತು. ದೋಷ ಎರಡು. ಸುಲಭದ್ದು ಮೊದಲು ಸಿಕ್ಕಿತು. ಅಪಾಯದ್ದು ಅದರ ಹಿಂದೆ ಇತ್ತು.

ಆ ಕೀಲು ಇಲ್ಲಿ ಅಂಗಡಿಯಲ್ಲಿ ಇರಲಿಲ್ಲ. ಮಂಗಳೂರಿನಿಂದ ಸೋಮವಾರ ಬರಬೇಕು. ಅಣ್ಣ ತುಂಬ ಹೊತ್ತು ಕಟ್ಟೆಯ ಮೇಲೆ ಕುಳಿತರು. "ತಂತಿ ಕಟ್ಟಿ ಒಂದು ಸಲ ಹೋಗಿ ಬರಬಹುದಾ?" ಎಂದು ಕೇಳಿದರು. ಕೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಸಾಲದ ಕಂತು ಅವರ ತಲೆಯ ಮೇಲೆ ಇತ್ತು, ನನ್ನ ತಲೆಯ ಮೇಲಲ್ಲ. ಮೇಸ್ತ್ರಿ ಉತ್ತರ ಕೊಡಲಿಲ್ಲ. ಜೀಪಿನ ಕೀಲಿಕೈ ತೆಗೆದು ಅಕ್ಕನ ಕೈಗೆ ಕೊಟ್ಟರು.

ಆದಿತ್ಯವಾರದ ಬಾಡಿಗೆ ಬೇರೆ ಜೀಪಿಗೆ ಹೋಯಿತು. ಮುಂಗಡ ಹಿಂದೆ ಕೊಟ್ಟರು. ಮಂಗಳವಾರ ಹೊಸ ಕೀಲು ಹಾಕಿದರು. ಎರಡೂ ಬದಿಯದ್ದು ಹಾಕಿಸಿದರು.

ಕೀಲು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಚಕ್ರಗಳ ನೇರ ನೋಡಬೇಕು. ಎರಡು ಟಯರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮುಂದಿನ ಅಂತರ ಮತ್ತು ಹಿಂದಿನ ಅಂತರ ಅಳೆಯುತ್ತಾರೆ. ಇಂಥ ಜೀಪಿಗೆ ಮುಂದಿನ ಅಂತರ ಒಂದಿಷ್ಟು ಕಡಿಮೆ ಇರಬೇಕು. ಎಷ್ಟು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅಂದಾಜಿಗೆ ಬಿಟ್ಟರೆ ಹೊಸ ಟಯರು ಒಂದೇ ಬದಿ ಸವೆದು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ.

ಬೇರೆ ಗಾಡಿ ಇದ್ದವರಿಗೆ

ರಿಕ್ಷಾಕ್ಕೆ ಮುಂದೆ ಒಂದೇ ಚಕ್ರ. ಟೈ ರಾಡ್ ಇಲ್ಲ. ಬ್ರೇಕ್ ಹಿಡಿದಾಗ ಹ್ಯಾಂಡಲಿನ ಬುಡದಲ್ಲಿ ಟಕ್ ಎಂದರೆ ಅಲ್ಲಿಯ ಗುಂಡುಗಳ ಬಟ್ಟಲು ಸವೆದಿದೆ ಅಥವಾ ಸಡಿಲ ಆಗಿದೆ. ಹ್ಯಾಂಡಲ್ ನಿಧಾನ ತಿರುಗಿಸಿ ನೋಡಿ. ನೇರ ಬಂದಾಗ ಒಂದು ಕುಳಿಗೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಬಟ್ಟಲಿನಲ್ಲಿ ಗುಳಿ ಬಿದ್ದಿದೆ. ಸ್ಕೂಟರಿಗೂ ಇದೇ ಮಾತು.

ಮಾರುತಿ 800ರ ಹಾಗೆ ಮುಂದಿನ ಚಕ್ರದಿಂದ ಓಡುವ ಕಾರು ಬೇರೆ. ಆ ಕಾರು 1983ರಲ್ಲಿ ಬಂತು. 2014ರಲ್ಲಿ ತಯಾರಿಕೆ ನಿಂತಿತು. ನಮ್ಮ ಊರಿನ ರಸ್ತೆಯಲ್ಲಿ ಈಗಲೂ ಕಾಣುತ್ತದೆ. ಇಂಥ ಕಾರು ಪೂರ್ತಿ ತಿರುಗಿಸಿ ಓಡುವಾಗ ಟಕ್ ಟಕ್ ಟಕ್ ಎಂದರೆ ಚಕ್ರಕ್ಕೆ ಶಕ್ತಿ ಕೊಡುವ ಅಚ್ಚಿನ ಹೊರ ಕೀಲು ಸವೆದಿದೆ. ಚಕ್ರದ ಒಳಬದಿಗೆ ಗ್ರೀಸು ಚಿಮ್ಮಿದ್ದರೆ ಅದರ ರಬ್ಬರು ಹರಿದಿದೆ ಎಂದು ಅರ್ಥ. ಆರಂಭದಲ್ಲೇ ಕಂಡರೆ ರಬ್ಬರಿನ ಖರ್ಚು ಮಾತ್ರ.

ಗಾಡಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ನಡುವಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಬಹಳ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಬೇಯುತ್ತಿದೆ ಅಥವಾ ಬ್ರೇಕ್ ಅಂಟಿಕೊಂಡಿದೆ. ಘಾಟಿ ಇಳಿದಾಗ ನಾಲ್ಕೂ ಬಿಸಿ ಇರುತ್ತವೆ. ಆಗ ನೀರು ಹೊಯ್ಯಬೇಡಿ. ಬಿಸಿ ಡ್ರಮ್ಮು ಬಿರಿಯಬಹುದು. ಘಾಟಿ ಇಳಿಯುವಾಗ ಶಬ್ದ ಕೇಳಲೆಂದು ಗೇರ್ ತೆಗೆದು ನೋಡುವ ಪರೀಕ್ಷೆ ಯಾವತ್ತೂ ಬೇಡ.

ಟಯರಿನ ಮೇಲೂ ಓದಲು ಉಂಟು. ಬದಿಯಲ್ಲಿ ನಾಲ್ಕು ಅಂಕೆಗಳನ್ನು ಒಂದು ಸಣ್ಣ ಚೌಕಟ್ಟಿನ ಒಳಗೆ ಒತ್ತಿರುತ್ತಾರೆ. 3521 ಎಂದು ಇದ್ದರೆ 2021ನೇ ಇಸವಿಯ 35ನೇ ವಾರದಲ್ಲಿ ಆ ಟಯರು ತಯಾರಾಯಿತು. ಹೊಸ ಟಯರು ಎಂದು ಹಳತು ಕೊಟ್ಟರೆ ಈ ಅಂಕೆಯಿಂದ ಗೊತ್ತಾಗುತ್ತದೆ. ಅಕ್ಕ ಅಣ್ಣನ ಎರಡು ಹೊಸ ಟಯರಿನ ಅಂಕೆ ಓದಿ ನೋಡಿದರು. ಒಂದು ಆ ವರ್ಷದ್ದು. ಇನ್ನೊಂದು ಅದಕ್ಕಿಂತ ನಾಲ್ಕು ವರ್ಷ ಹಳತು.

ಈಗ ಅಣ್ಣನೂ ವಾರಕ್ಕೆ ಎರಡು ದಿನ ತರಗತಿಗೆ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಅಂಕೆ ಬೇಗ ಬಂತು. ಒತ್ತಕ್ಷರ ಇನ್ನೂ ಕಷ್ಟ.

ಓದಿರಿ, ಬರೆಯಿರಿ

1. ಅಕ್ಕ ಬುಧವಾರ ಬರೆದ ಸಾಲನ್ನು ನೋಡದೆ ಬರೆಯಿರಿ.

2. ಬ್ರೇಕ್ ಹಾಕಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಏನು ನೋಡಬೇಕು?

3. ಒಂದು ಚಕ್ರ ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆ. 1000 ಮೀಟರ್ ಹೋಗಲು ಎಷ್ಟು ಸುತ್ತು ಬೇಕು?

4. ಈ ಪದಗಳನ್ನು ಗಟ್ಟಿಯಾಗಿ ಓದಿ: ಸ್ಪ್ರಿಂಗ್, ಸ್ಟೇರಿಂಗ್, ಬ್ರೇಕ್, ಗ್ರೀಸು, ಚಕ್ರ, ನಟ್ಟು, ಡ್ರಮ್ಮು.

5. ನಾಳೆ ನೀವು ಹತ್ತುವ ಬಸ್ಸು, ಜೀಪು ಅಥವಾ ರಿಕ್ಷಾದಲ್ಲಿ ಕಿವಿಗೊಟ್ಟು ಕೇಳಿ. ಯಾವ ಶಬ್ದ, ಯಾವಾಗ, ಯಾವ ಕಡೆ ಎಂದು ಮೂರು ಸಾಲು ಬರೆದು ತರಗತಿಗೆ ತನ್ನಿ.